ಅಕ್ಕುಮ್‌ನ ಬಿಸಿಮರಳು

ಇಜ್ಮಿರ್
9 ಮಾರ್ಚ್ 1998

ನೆಫೀಸೆಗೆ,

ಅಕ್ಷರ ನೋಡಿ ಯಾವುದೋ ಮಗು ಗೀಚಿದೆ ಅಂದುಕೊಳ್ಳಬೇಡ. ಬರೆಯುತ್ತಿರುವವಳು ನಾನೇ, ನಿನ್ನ ಅಕ್ಕ ಹಜೆರ್. ಬೆರಳುಗಳು ನನ್ನ ಮಾತು ಕೇಳುವುದನ್ನು ಬಿಟ್ಟಿವೆ. ಏಳು ವರ್ಷ ಉಸಿರೆತ್ತದೆ ಇದ್ದವಳು ಇವತ್ತು ಕಾಗದ ಬರೆದಿದ್ದಾಳೆಂದರೆ ಏನೋ ಬೇಕಾಗಿರಬೇಕು ಎಂದು ನಿನಗೆ ಅನ್ನಿಸುತ್ತದೆ. ಅನ್ನಿಸಲಿ, ನಿಜವೇ. ಫೋನ್ ಮಾಡಬಹುದಿತ್ತು. ಆದರೆ ನಮ್ಮಿಬ್ಬರ ಬಾಯಿ ನಿನಗೂ ಗೊತ್ತು, ಎರಡನೇ ಮಾತಿಗೇ ಯಾರಾದರೊಬ್ಬರು ಫೋನ್ ಕುಕ್ಕುತ್ತೇವೆ. ಕಾಗದವಾದರೆ ಬೈದುಕೊಂಡಾದರೂ ಕೊನೆಯವರೆಗೆ ಓದುತ್ತೀಯ.

ಇಲ್ಲಿ ನಾನು ಹೊಲಿಗೆಯಿಂದ ಬದುಕುತ್ತಿದ್ದೇನೆ. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಹಾಕುವುದು, ಮದುವೆ ಹುಡುಗಿಯರ ಬಟ್ಟೆಗೆ ಮಣಿ ಹೊಲಿಯುವುದು. ಈ ಚಳಿಗಾಲದಲ್ಲಿ ಬೆರಳಿನ ಗಂಟುಗಳು ಊದಿಕೊಂಡು, ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯವಳನ್ನು ಕರೆಯುವ ಹಾಗಾಗಿದೆ. ಡಾಕ್ಟರ್ ಕೊಟ್ಟ ಮಾತ್ರೆ ಹೊಟ್ಟೆ ಸುಡುತ್ತದೆಯೇ ಹೊರತು ಕೈಗೆ ಏನೂ ಮಾಡುವುದಿಲ್ಲ. ಮೊನ್ನೆ ಚಹಾದ ಲೋಟ ಕೈಜಾರಿ ಗಿರಾಕಿಯ ಬಿಳಿ ಬಟ್ಟೆಯ ಮೇಲೆ ಬಿತ್ತು. ಅವಳ ಮುಂದೆ ನಕ್ಕೆ. ಅವಳು ಹೋದ ಮೇಲೆ ಕೂತು ಅತ್ತೆ.

ಅಮ್ಮನಿಗೂ ಹೀಗೇ ಆಗುತ್ತಿತ್ತಲ್ಲ. ಪ್ರತಿ ಜುಲೈನಲ್ಲಿ ನಾವಿಬ್ಬರೂ ಅವಳನ್ನು ಮರಳಿನಲ್ಲಿ ಹೂಳುತ್ತಿದ್ದೆವು. ಬೆಳಗ್ಗೆ ಗುಂಡಿ ತೋಡಿ ಬಿಸಿಲಿಗೆ ಬಿಟ್ಟು, ನಡುಮಧ್ಯಾಹ್ನ ಅವಳನ್ನು ಮಲಗಿಸಿ ಕುತ್ತಿಗೆಯವರೆಗೆ ಬಿಸಿಮರಳು ಎಳೆದು, ತಲೆಯ ಹತ್ತಿರ ಕೊಡೆ ಹಿಡಿದು ಕೂರುತ್ತಿದ್ದೆವು. ಆಮೇಲೆ ಇಡೀ ಚಳಿಗಾಲ ಅವಳು ರೊಟ್ಟಿ ಲಟ್ಟಿಸುತ್ತಿದ್ದಳು. ನನಗೂ ಆ ಮರಳೇ ಬೇಕು. ಜುಲೈನಲ್ಲಿ ಬರಲೇ?

ಅಮ್ಮನ ನಿಯಮ ಮರೆತಿಲ್ಲ. ಒಬ್ಬರ ಹಕ್ಕು, ಅಂದರೆ ತೀರದ ಋಣವೋ ಮಾಸದ ನೋವೋ, ಇನ್ನೊಬ್ಬರ ಮೇಲೆ ಉಳಿದಿರುವಾಗ ಯಾರೂ ಮಣ್ಣಿನ ಕೆಳಗೆ ಹೋಗಬಾರದು, ಅದು ಹದಿನೈದು ನಿಮಿಷದ ಮಟ್ಟಿಗಾದರೂ ಸರಿ ಅನ್ನುತ್ತಿದ್ದಳು. ಮಲಗಿದವರು "ನಿನ್ನ ಹಕ್ಕು ಬಿಟ್ಟೆಯಾ?" ಅಂತ ಕೇಳಬೇಕು, ಸಲಿಕೆ ಹಿಡಿದವರು "ಬಿಟ್ಟೆ" ಅನ್ನಬೇಕು. ಆಮೇಲೆ ಸಲಿಕೆಯವರು ಕೇಳಬೇಕು. ಅಷ್ಟಾಗುವವರೆಗೆ ಒಂದು ಹಿಡಿ ಮರಳೂ ಬೀಳಬಾರದು.

ನಮ್ಮ ಮನೆ ಬಿದ್ದದ್ದು ನೀನು ಹೇಳಿದ ಸಾಕ್ಷಿಯಿಂದ. ಅದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಆದರೂ ನನ್ನ ಪಾಲಿನ ಹಕ್ಕು ಬಿಡಲು ನಾನು ತಯಾರು. ನೀನು ತಯಾರಿದ್ದೀಯಾ ಇಲ್ಲವಾ, ಅಷ್ಟು ಬರೆ.

ರಿಫಾತನಿಗೆ ನನ್ನ ಸಲಾಮು ಹೇಳು. ನಿನ್ನ ಗಂಡನಾಗಿ ಇಷ್ಟು ವರ್ಷ ತಡೆದುಕೊಂಡಿದ್ದಾನಲ್ಲ, ಪುಣ್ಯವಂತ.

ನಿನ್ನ ಅಕ್ಕ,
ಹಜೆರ್

ಅಕ್ಕುಮ್
17 ಏಪ್ರಿಲ್ 1998

ಅಕ್ಕಾ,

ಕಾಗದವನ್ನು ಬೈದುಕೊಂಡೇ ಓದಿದೆ, ನೀನು ಹೇಳಿದ ಹಾಗೇ. ಉತ್ತರ ತಡವಾದದ್ದಕ್ಕೆ ಟೊಮೇಟೊ ಕಾರಣ. ಗಾಜಿನ ಮನೆಯಲ್ಲಿ ಈಗ ಕೊಯ್ಲು, ರಿಫಾತನಿಗೆ ಬೆನ್ನು ನೋವು, ಎಲ್ಲ ನನ್ನ ತಲೆಯ ಮೇಲೆ. ಮೇಲಾಗಿ ಏನು ಬರೆಯಬೇಕು ಅಂತಲೂ ಗೊತ್ತಾಗಲಿಲ್ಲ. ಸುಳ್ಳು ಯಾಕೆ ಹೇಳಲಿ.

ಕಡಲತೀರ ಈಗ ಅಮ್ಮನ ಕಾಲದ್ದಲ್ಲ. ಹಳೆಯ ಪಟ್ಟಣದ ಅವಶೇಷಗಳ ದಾರಿಯಲ್ಲೇ ಗೇಟು ಇದೆ, ಟಿಕೆಟ್ಟು ಇದೆ, ಸಂಜೆಯಾದರೆ ಎಲ್ಲರನ್ನೂ ಹೊರಗೆ ಕಳಿಸುತ್ತಾರೆ. ಕಳಿಸುವವಳು ನಾನೇ. ಐದು ವರ್ಷದಿಂದ ಕಾವಲಿನ ಕೆಲಸ ನನ್ನದು, ಕೊರಳಲ್ಲಿ ಸೀಟಿ, ತಲೆಗೆ ಟೋಪಿ. ಮೇ ತಿಂಗಳಿನಿಂದ ಆಮೆಗಳು ಮೊಟ್ಟೆಯಿಡಲು ಮೇಲೆ ಬರುತ್ತವೆ. ಆಮೇಲೆ ಅಲ್ಲಿ ಕೊಡೆಯ ಕೋಲು ನೆಡಲೂ ಬಿಡುವುದಿಲ್ಲ, ಇನ್ನು ಮನುಷ್ಯನ ಗಾತ್ರದ ಗುಂಡಿಯನ್ನು ಹೇಗೆ ಬಿಡಲಿ? ಕಾಶ್ ಪೇಟೆಯ ದೊಡ್ಡ ಅಧಿಕಾರಿಯ ತಾಯಿಯನ್ನೇ ಹೋದ ವರ್ಷ ಗುಂಡಿಯಿಂದ ಎಬ್ಬಿಸಿ ಕಳಿಸಿದ್ದೇನೆ. ಅಕ್ಕ ಅಂತ ನಿನಗೆ ಬೇರೆ ಕಾನೂನು ಮಾಡಲಾರೆ.

ನೀನು ಸಾಕ್ಷಿಯ ಮಾತು ತೆಗೆದಿದ್ದೀಯ, ಹಾಗಾಗಿ ನಾನೂ ಹೇಳುತ್ತೇನೆ. ಅಪ್ಪನ ಹೊಲದಲ್ಲಿ ಮಾಳಿಗೆಯ ಅತಿಥಿಗೃಹ ಕಟ್ಟಬೇಡಿ, ಅದು ಸರ್ಕಾರ ಕಾಪಿಟ್ಟ ಜಾಗ, ಕೆಡವುತ್ತಾರೆ ಅಂತ ಮೊದಲೇ ಹೇಳಿದವಳು ನಾನು. ನಿನ್ನ ಗಂಡ ನಕ್ಕ. ನಗಲಿ, ಅವನ ದುಡ್ಡು ಅವನಿಷ್ಟ. ಆದರೆ ಕಾಂಕ್ರೀಟಿಗೆ ಮರಳು ಎಲ್ಲಿಂದ ತಂದ? ತೀರದಿಂದ, ಟ್ರಾಕ್ಟರಿನಲ್ಲಿ ತುಂಬಿ ತುಂಬಿ. ಆ ರಾಶಿಯಲ್ಲಿ ಸಿಮೆಂಟಿನ ಜೊತೆ ಕಲಸಿಹೋಗಿದ್ದ ಮೊಟ್ಟೆಗಳನ್ನು ನಾನು ಈ ಕೈಯಾರೆ ತೆಗೆದೆ. ಕೆಲವು ಒಡೆದು ಒಳಗಿನ ಮರಿ ಕಾಣುತ್ತಿತ್ತು. ಅಧಿಕಾರಿಗಳು ಬಂದು ಕೇಳಿದಾಗ ಕಂಡದ್ದನ್ನು ಹೇಳಿದೆ. ನಾಳೆ ಕೇಳಿದರೂ ಅದನ್ನೇ ಹೇಳುತ್ತೇನೆ.

ಇನ್ನೊಂದು. ನಿನ್ನ ಗಂಡ ತೀರಿಕೊಂಡದ್ದು ನನಗೆ ಗೊತ್ತಾಗಿದ್ದು ಬ್ರೆಡ್ ಗಾಡಿಯವನಿಂದ, ಮಣ್ಣಾಗಿ ನಲವತ್ತು ದಿನ ಕಳೆದ ಮೇಲೆ. ಅದನ್ನು ನಾನೂ ಮರೆತಿಲ್ಲ.

ಇಷ್ಟೆಲ್ಲ ಬರೆದ ಮೇಲೆ, ಬಾ ಅಂತಲೂ ಬರೆಯುತ್ತೇನೆ. ಮರಳಿಗೆ ದಾರಿ ಇದೆ. ಹಳೆಯ ರಂಗಮಂದಿರ ನೆನಪಿದೆಯಲ್ಲ, ಅರ್ಧಕ್ಕೂ ಹೆಚ್ಚು ಮರಳು ತುಂಬಿ, ನಾವು ಮೇಲಿನ ಮೆಟ್ಟಿಲಿನಿಂದ ಲಂಗ ಹರಿಯುವ ಹಾಗೆ ಜಾರುತ್ತಿದ್ದೆವಲ್ಲ? ಉತ್ಖನನದವರು ಈಗ ಅದನ್ನು ಬರಿದು ಮಾಡುತ್ತಿದ್ದಾರೆ. ಒಂದೊಂದು ಬುಟ್ಟಿಯನ್ನೂ ಜರಡಿ ಹಿಡಿದು, ಏನೂ ಇಲ್ಲದ ಮರಳನ್ನು ಲಾರಿಯಲ್ಲಿ ಹೊರಗೆ ಸುರಿಯುತ್ತಾರೆ. ಅದರಲ್ಲಿ ಆಮೆಯೂ ಇಲ್ಲ, ರಾಜನ ನಾಣ್ಯವೂ ಇಲ್ಲ. ಅವರ ಪ್ರೊಫೆಸರರನ್ನು ಕೇಳಿದೆ. ಆಕೆ ನಕ್ಕು, ಆ ರಾಶಿಯಲ್ಲಿ ಯಾರು ಬೇಕಾದರೂ ಮಲಗಲಿ ಅಂದರು.

ರಾಶಿ ಇರುವುದು ಅಪ್ಪನ ಹೊಲದಲ್ಲಿ. ಹೌದು, ನಿಮ್ಮ ಮನೆ ನಿಂತಿದ್ದ ಜಾಗದಲ್ಲೇ. ಯಾರೂ ಬೇಕೆಂದು ಮಾಡಿದ್ದಲ್ಲ, ಲಾರಿ ಹೋಗುವ ದಾರಿ ಅಲ್ಲಿಗೆ ಮುಗಿಯುತ್ತದೆ ಅಷ್ಟೇ. ಅಲ್ಲಿ ಮಲಗಲು ನಿನಗೆ ಮನಸ್ಸಾಗುತ್ತದೋ ಇಲ್ಲವೋ ನೀನೇ ನೋಡಿಕೋ.

ಅಮ್ಮನ ನಿಯಮದ ಮಾತು ನೀನು ಬಂದಾಗ ನೋಡೋಣ.

ನೆಫೀಸೆ

ಇಜ್ಮಿರ್
30 ಮೇ 1998

ನೆಫೀಸೆ,

ನೀನು ಕರೆದ ರೀತಿಗೆ ಮರ್ಯಾದೆ ಇದ್ದವರು ಯಾರೂ ಬರಬಾರದು. ನಾನು ಬರುತ್ತೇನೆ. ಜುಲೈ ಮೂರನೇ ವಾರ.

ಆ ಜಾಗದಲ್ಲೇ ಮಲಗುತ್ತೇನೆ. ನನ್ನದೇ ಅಡಿಗೆಮನೆ ಬರಬೇಕಿದ್ದ ಕಡೆ ಗುಂಡಿ ತೋಡು, ಕಿಟಕಿಯಿಂದ ಸಮುದ್ರ ಕಾಣುವ ಮೂಲೆಯಲ್ಲಿ.

ಈ ಒಂದು ವಿಷಯ ಎದುರೆದುರು ನಿಂತು ಹೇಳಲಾರೆ, ಹಾಗಾಗಿ ಬರೆಯುತ್ತಿದ್ದೇನೆ. ನನ್ನ ಗಂಡ ಇಸ್ಮೆತ್‌ನನ್ನು ಮಣ್ಣಿಗೆ ಮುಂಚೆ ಮಸೀದಿಯ ಅಂಗಳದಲ್ಲಿ ಇಟ್ಟಾಗ ಇಮಾಮರು ಎಲ್ಲರನ್ನೂ ಕೇಳಿದರು, ಇವನ ಮೇಲಿರುವ ನಿಮ್ಮ ಹಕ್ಕು ಬಿಟ್ಟಿರಾ ಅಂತ. ಸಾಲಿಗೆ ಸಾಲೇ ಬಿಟ್ಟೆವು ಅಂದಿತು. ಅವನು ಚಹಾ ಕುಡಿಯುತ್ತಿದ್ದ ಅಂಗಡಿಯವನು, ನಮ್ಮ ಓಣಿಯ ಕ್ಷೌರಿಕ, ಹೆಸರೂ ಗೊತ್ತಿಲ್ಲದ ಮುದುಕರು, ಎಲ್ಲರೂ. ನಿನಗೆ ನಾನು ಹೇಳಿ ಕಳಿಸಲಿಲ್ಲ. ಕೋಪ ಅಂತ ನೀನು ಅಂದುಕೊಂಡಿದ್ದೀಯ. ಕೋಪವಲ್ಲ, ಹೆದರಿಕೆ. ನೀನು ಬಂದು, ಎಲ್ಲರೂ ಬಿಟ್ಟೆವು ಅನ್ನುವಾಗ ತುಟಿ ಬಿಗಿದು ನಿಂತರೆ? ಅದನ್ನು ನೋಡುವ ಶಕ್ತಿ ನನಗೆ ಅವತ್ತು ಇರಲಿಲ್ಲ.

ಆಸ್ಪತ್ರೆಯಲ್ಲಿ ಒಂದು ದಿನ ಕೇಳಿದ್ದ. "ನೆಫೀಸೆ ಏನಂತಾಳೆ?" ಅಂದ. ಅವಳು ಏನೂ ಅಂದಿಲ್ಲ ಅಂದೆ. ಗೋಡೆಯ ಕಡೆ ತಿರುಗಿ ಮಲಗಿದ.

ಈಗ ಅವನು ನಿನ್ನ ಹಕ್ಕು ಹೊತ್ತುಕೊಂಡೇ ಮಲಗಿದ್ದಾನೆ ಅನ್ನುವುದು ನನಗೆ ನಿದ್ದೆ ಕೊಡುತ್ತಿಲ್ಲ. ಕೈಗಿಂತ ಅದು ಹೆಚ್ಚು ನೋಯುತ್ತದೆ. ಮರಳಿನಲ್ಲಿ ಮಲಗಿದಾಗ ನನ್ನದರ ಜೊತೆ ಅವನದ್ದನ್ನೂ ಕೇಳುತ್ತೇನೆ. ಮೊದಲೇ ತಿಳಿಸಿದ್ದೇನೆ, ಆಮೇಲೆ ಗೊತ್ತಿರಲಿಲ್ಲ ಅನ್ನಬೇಡ.

ಹಜೆರ್

ಅಕ್ಕುಮ್
29 ಜುಲೈ 1998

ಅಕ್ಕಾ,

ನೀನು ಹೇಳಿದ ದಿನ ಬಿಟ್ಟು ಬಂದೆ, ಹೇಳದೆ ಹೋದೆ. ನಡುವೆ ಏನಾಯಿತು ಅನ್ನುವುದನ್ನು ನೀನು ನಿನ್ನ ಓಣಿಗೆಲ್ಲ ನಿನ್ನ ರೀತಿಯಲ್ಲಿ ಹೇಳಿರುತ್ತೀಯ. ನನ್ನ ರೀತಿಯಲ್ಲೂ ಒಮ್ಮೆ ಕೇಳು.

ಬುಧವಾರ ಬರುತ್ತೇನೆ ಅಂದವಳು ಮಂಗಳವಾರವೇ ಬಂದೆ. ಮನೆಗೆ ಬರದೆ ನೇರ ತೀರಕ್ಕೆ ಹೋದೆ. ಮಧ್ಯಾಹ್ನ ನಾನು ಗಸ್ತು ಹೊರಟರೆ, ಆಮೆಗೂಡಿನ ಮೇಲಿಟ್ಟ ತಂತಿಪಂಜರದ ಪಕ್ಕ, ಎರಡು ಮೊಳವೂ ದೂರವಿಲ್ಲ, ಒಂದು ತಲೆ. ತಲೆಯ ಮೇಲೆ ಹೂವಿನ ಕೊಡೆ. ಪಕ್ಕದಲ್ಲಿ ಮಿನಿಬಸ್ಸಿನ ಡ್ರೈವರ್, ಕೈಯಲ್ಲಿ ಬಸ್ಸಿನದೇ ಸಲಿಕೆ. ನನ್ನ ಸೀಟಿ ಕೇಳಿದ್ದೇ ತಡ ಅವನು ಸಲಿಕೆ ಬಿಸಾಡಿ ಓಡಿದ. ನಿನಗೆ ಓಡಲು ಆಗಲಿಲ್ಲ, ನಿಜ ಹೇಳುತ್ತೇನೆ, ನನಗೆ ನಗು ಬಂತು. ಏಳು ವರ್ಷದ ಮೇಲೆ ಅಕ್ಕನ ಮುಖ ನೋಡಿದ್ದು ಹೀಗೆ, ಮರಳಿನ ಮೇಲೆ ಇಟ್ಟ ಕುಂಬಳಕಾಯಿಯ ಹಾಗೆ.

"ಅವನ ಹತ್ರ ಹಕ್ಕು ಕೇಳ್ದೆ ಕಣೇ," ಅಂದೆ ನೀನು, ಅಷ್ಟು ಗಂಭೀರವಾಗಿ. "ನಿಮ್ಮ ಮೇಲೆ ನಂಗೇನಮ್ಮ ಹಕ್ಕು, ಬಸ್ ಚಾರ್ಜ್ ಕೊಟ್ಟಿದೀರಲ್ಲ ಅಂದ."

ನನ್ನ ಹತ್ತಿರ ಕೇಳುವುದಕ್ಕಿಂತ ಡ್ರೈವರ್ ಹತ್ತಿರ ಕೇಳುವುದು ನಿನಗೆ ಸುಲಭವಾಯಿತು. ನಾನು ಅವತ್ತು ಬೈದದ್ದು ಗೂಡಿಗಾಗಿ ಅಂತ ನೀನು ತಿಳಿದೆ. ಅರ್ಧ ಗೂಡಿಗಾಗಿ. ಉಳಿದರ್ಧ ಇದಕ್ಕೆ.

ಗೂಡು ಉಳಿಯಿತು, ಕೇಳದಿದ್ದರೂ ಹೇಳುತ್ತೇನೆ.

ಆ ರಾತ್ರಿ ಚೆನ್ನಾಗಿತ್ತಲ್ಲ ಅಕ್ಕಾ. ಕಲ್ಲಂಗಡಿ, ಗಿಣ್ಣು, ನೀನು ಕೈಯಿಂದ ಹಿಡಿಯಲಾಗದೆ ನಾನು ಚೂರು ಮಾಡಿ ಬಾಯಿಗಿಟ್ಟದ್ದು. ರಿಫಾತ್ ನಿನ್ನ ಬೆರಳು ನೋಡಿ ಎದ್ದು ಹೊರಗೆ ಹೋದ. ಅವನು ಯಾರ ಮುಂದೆಯೂ ಕಣ್ಣೊರೆಸುವುದಿಲ್ಲ.

ಮಾರನೇ ದಿನ ರಾಶಿಯಲ್ಲಿ ನಾನು ಗುಂಡಿ ತೋಡಿದೆ, ನೀನು ಹೇಳಿದ ಮೂಲೆಯಲ್ಲೇ. ನೀನು ಮಲಗಿದೆ. ಕೇಳಿದೆ. ನಾನು ಬಿಟ್ಟೆ ಅಂದೆ. ನಾನೂ ಕೇಳಿದೆ, ನೀನೂ ಬಿಟ್ಟೆ ಅಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು, ನನಗೇ ಆಶ್ಚರ್ಯ. ನನ್ನ ಅಕ್ಕ ನನ್ನ ಮನೆ ಹೊಸ್ತಿಲು ದಾಟಿದ್ದಾಳೆ, ಇನ್ನೇನು ಬೇಕು ಅಂದುಕೊಂಡು ಮರಳು ಎಳೆದೆ. ಕಾಲು, ಹೊಟ್ಟೆ, ಕೈಗಳು. ಕೈಗಳ ಮೇಲೆ ಮೆತ್ತಗೆ ಸುರಿದೆ. ನೀನು ಕಣ್ಣು ಮುಚ್ಚಿ ಅಮ್ಮಾ ಅಂದೆ.

ಆಮೇಲೆ ನೀನು ನಿನ್ನ ಗಂಡನದ್ದನ್ನು ಕೇಳಿದೆ.

ನೀನು ಮೊದಲೇ ಬರೆದಿದ್ದೆ, ಹೌದು. ನಾನು ಓದಿ ಕಾಗದ ಮಡಿಸಿಟ್ಟಿದ್ದೆ. ಎದುರಿಗೆ ಕೇಳುವ ಧೈರ್ಯ ನಿನಗೆ ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ನೀನು ಕೇಳಿದೆ. ನಾನು ಬಾಯಿ ತೆರೆದೆ ಅಕ್ಕಾ, ಆಣೆ ಮಾಡಿ ಹೇಳುತ್ತೇನೆ, ತೆರೆದೆ. ಕಣ್ಣ ಮುಂದೆ ಬಂದದ್ದು ಆ ಮೊಟ್ಟೆಗಳು. ಸಿಮೆಂಟು ಮೆತ್ತಿದ ಮರಿಯೊಂದರ ಕಾಲು ಆಡುತ್ತಿತ್ತು, ಅದನ್ನು ನಾನು ನಿನಗೆ ಯಾವತ್ತೂ ಹೇಳಿಲ್ಲ. ನಿನ್ನ ಗಂಡ ಅಲ್ಲೇ ಸಿಗರೇಟು ಸೇದುತ್ತಾ ನಿಂತು, ಸಮುದ್ರದ ತುಂಬ ಇವೆ ಬಿಡಮ್ಮ ಅಂದಿದ್ದ. ಬಾಯಲ್ಲಿ ಬಿಟ್ಟೆ ಅಂದು ಎದೆಯಲ್ಲಿ ಇಟ್ಟುಕೊಂಡರೆ ಅದು ಸತ್ತವನಿಗೆ ಮಾಡುವ ಮೋಸ. ನನ್ನಿಂದ ಆಗಲಿಲ್ಲ. ಸಲಿಕೆ ನೆಟ್ಟು ನಡೆದುಬಿಟ್ಟೆ.

ನಿನ್ನನ್ನು ಕುತ್ತಿಗೆಯವರೆಗೆ ಹೂತು ಬಿಟ್ಟು ಹೋದೆ ಅನ್ನುವುದು ಹೂಳು ತುಂಬಿದ ಹಳೆಯ ಬಂದರಿನ ಕೆಸರು ದಾಟಿದ ಮೇಲೆ ನೆನಪಾಯಿತು. ಓಡಿ ಬಂದೆ. ಅಷ್ಟರಲ್ಲಿ ರಿಫಾತ್ ನಿನ್ನನ್ನು ತೆಗೆದು ಕಂಬಳಿ ಸುತ್ತಿದ್ದ. ನೀನು ನನ್ನ ಕಡೆ ನೋಡಲಿಲ್ಲ. ಬೆಳಗಿನ ಬಸ್ಸಿಗೆ ಹೋಗಿಬಿಟ್ಟೆ, ಮಾಡಿಟ್ಟ ರೊಟ್ಟಿಯನ್ನೂ ಮುಟ್ಟದೆ.

ಕೈ ಹೇಗಿದೆ? ಬಿಸಿ ಹಿಡಿದ ಮೇಲೆ ಗಾಳಿಗೆ ಬಿಡಬಾರದು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿರಲಿಲ್ಲ ತಾನೇ?

ನೆಫೀಸೆ

ಇಜ್ಮಿರ್
24 ಆಗಸ್ಟ್ 1998

ನೆಫೀಸೆ,

ಕಿಟಕಿ ಪಕ್ಕವೇ ಕೂತಿದ್ದೆ. ಬಸ್ಸಿನವನು ಗಾಳಿಯ ಯಂತ್ರ ಬೇರೆ ಹಾಕಿದ್ದ. ಆದರೂ ಬಲಗೈಯ ಎರಡು ಬೆರಳು ಮಡಚುತ್ತವೆ. ಅರ್ಧಕ್ಕೆ ಬಿಟ್ಟದ್ದಕ್ಕೆ ಅರ್ಧ ಗುಣ.

ಆ ಹೊತ್ತಿನಲ್ಲಿ ನನಗೆ ಹೇಗಾಯಿತು ಅಂತ ನೀನು ಕೇಳಲಿಲ್ಲ. ಕೈಕಾಲು ಆಡಿಸಲಾಗದೆ ಮಲಗಿ, ನಿನ್ನ ಬೆನ್ನು ಚಿಕ್ಕದಾಗುತ್ತಾ ಹೋದದ್ದನ್ನು ನೋಡಿದೆ. ಕೂಗಲಿಲ್ಲ. ಕೂಗಿದರೆ ನೀನು ತಿರುಗಿ ಬರುತ್ತೀ ಅಂತ ಗೊತ್ತಿತ್ತು. ಹಾಗೆ ಬರಿಸಿಕೊಳ್ಳುವುದು ಬೇಕಿರಲಿಲ್ಲ. ಒಂದು ಆಡು ಬಂದು ಕೊಡೆಯ ಅಂಚು ತಿನ್ನತೊಡಗಿತು. ಅದರ ಜೊತೆ ಮಾತಾಡುತ್ತಿದ್ದೆ, ರಿಫಾತ್ ಬರುವವರೆಗೆ.

ಮರಿಯ ಕಾಲಿನ ಮಾತು ಓದಿದೆ. ಮತ್ತೆ ಮತ್ತೆ ಓದಿದೆ. ನನಗೆ ಗೊತ್ತಿರಲಿಲ್ಲ. ಇಸ್ಮೆತ್ ಹಾಗೆ ಅಂದಿರುತ್ತಾನೆ, ಅವನ ಬಾಯಿಯೇ ಹಾಗೆ. ಅವನು ಮಾಡಿದ್ದು ಸರಿ ಅಂತ ನಾನು ಯಾವತ್ತೂ ನಿನಗೆ ಬರೆದಿಲ್ಲ ನೆಫೀಸೆ, ಹುಡುಕಿ ನೋಡು. ಸರಿ ಮಾಡಿದವನಿಗೆ ಯಾರಾದರೂ ಹಕ್ಕು ಯಾಕೆ ಬಿಡಬೇಕು? ಅವನು ತಪ್ಪು ಮಾಡಿದ, ಅದಕ್ಕೇ ಕೇಳುತ್ತಿದ್ದೇನೆ. ಇಷ್ಟು ಓದಿ ಬರೆದು ಅಧಿಕಾರಿಗಳ ಮುಂದೆ ಮಾತಾಡುವವಳು, ಇಷ್ಟು ಸಣ್ಣ ವಿಷಯ ನಿನ್ನ ತಲೆಗೆ ಹೋಗಲಿಲ್ಲವಲ್ಲ.

ಇನ್ನು ಕೇಳುವುದಿಲ್ಲ. ಕಾಗದದಲ್ಲಿ ಬಿಟ್ಟೆ ಅಂತ ಬರೆದು ಕಳಿಸಬೇಡ, ಬರೆದದ್ದು ಲೆಕ್ಕಕ್ಕಿಲ್ಲ ಅಂತ ಅಮ್ಮ ಹೇಳುತ್ತಿದ್ದಳು. ಅವನು ಹೊತ್ತುಕೊಂಡೇ ಇರಲಿ. ನಾನೂ ಹೊತ್ತುಕೊಳ್ಳುತ್ತೇನೆ. ನೀನು ಸುಖವಾಗಿರು.

ರಿಫಾತನಿಗೆ ಥ್ಯಾಂಕ್ಸ್ ಹೇಳು. ನನ್ನನ್ನು ಎತ್ತುವಾಗ ಅವನು ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ. ನಿಮ್ಮ ಮನೆಯಲ್ಲಿ ಎಲ್ಲರಿಗೂ ಅದೇ ರೋಗ.

ಹಜೆರ್

ಅಕ್ಕುಮ್
14 ಸೆಪ್ಟೆಂಬರ್ 1998

ಅಕ್ಕಾ,

ಈ ಕಾಗದ ನಿನ್ನ ಕೈಗೆ ಸಿಗುವ ಹೊತ್ತಿಗೆ ನಾನು ಬಸ್ಸಿನಲ್ಲಿರುತ್ತೇನೆ, ಇಲ್ಲವೇ ನಿನ್ನ ಬಾಗಿಲಲ್ಲಿ. ಹರಿದು ಹಾಕುವ ಮುಂಚೆ ಓದು.

ನಿನ್ನ ಕಾಗದವನ್ನು ರಿಫಾತನಿಗೆ ಓದಿ ಹೇಳಿದೆ, ಕೊನೆಯ ಸಾಲಿನವರೆಗೂ. ನಗುತ್ತಾನೆ ಅಂದುಕೊಂಡಿದ್ದೆ. ಎದ್ದು, ಬಾ ಅಂದು ಗಾಜಿನ ಮನೆಗೆ ಕರೆದುಕೊಂಡು ಹೋದ. ಬೇಸಿಗೆಯಲ್ಲಿ ಅಲ್ಲಿ ಯಾರೂ ಕಾಲಿಡುವುದಿಲ್ಲ, ಒಳಗೆ ಒಲೆಯ ಹಾಗೆ ಬಿಸಿ. ಈ ವಾರ ಸಸಿ ನೆಡಬೇಕು, ಅದಕ್ಕೇನೋ ಅಂದುಕೊಂಡೆ. ಅವನು ತೆಂಕಣ ಬದಿಯ ಗಾಜುಗಳನ್ನು ತೋರಿಸಿದ. "ಇವು ಇಸ್ಮೆತಂದು ಕಣೇ," ಅಂದ.

ನೀವು ಊರು ಬಿಟ್ಟ ವರ್ಷ ನವೆಂಬರಿನಲ್ಲಿ ಬಿದ್ದ ಆಲಿಕಲ್ಲು ನಿನಗೂ ನೆನಪಿರಬೇಕು. ನಮ್ಮ ಗಾಜೆಲ್ಲ ಪುಡಿಯಾಯಿತು, ಒಳಗಿನ ಗಿಡ ನೆಲಕ್ಕೊರಗಿತು. ಆ ವರ್ಷ ಮುಗಿಯಿತು ಅಂತ ನಾನು ಅಂಗಳದಲ್ಲಿ ಕೂತುಬಿಟ್ಟಿದ್ದೆ. ನಾಲ್ಕು ದಿನಕ್ಕೆ ರಿಫಾತ್ ಗಾಜು ತಂದು ಹಾಕಿದ. ಎಲ್ಲಿಂದ ಅಂದರೆ, ಫೆತ್ಹಿಯೆಯಲ್ಲಿ ಹಳೆಯದು ಸಿಕ್ಕಿತು ಅಂದ. ನಂಬಿದೆ. ಅವನು ಸುಳ್ಳು ಹೇಳುವವನೇ ಅಲ್ಲ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗುವವಳು ನಾನು.

ಅವು ನಿಮ್ಮ ಅತಿಥಿಗೃಹದ ಕಿಟಕಿಗೆ ಅಂತ ತಂದಿಟ್ಟಿದ್ದ ಗಾಜುಗಳು ಅಕ್ಕಾ. ಮನೆ ಕೆಡವಿದ ಮೇಲೆ ಭಾವ ಅವನ್ನು ಮಾರಿ ಇಜ್ಮಿರಿಗೆ ಹೊರಡಬಹುದಿತ್ತು. ಆಲಿಕಲ್ಲು ಬಿದ್ದ ಮಾರನೇ ಸಂಜೆ ಟ್ರಾಕ್ಟರಿನಲ್ಲಿ ಕಂಬಳಿ ಸುತ್ತಿ ತಂದು, ರಿಫಾತನ ಜೊತೆ ನಿಂತು ಚೌಕಟ್ಟಿಗೆ ತಕ್ಕ ಹಾಗೆ ಕೊಯ್ದು ಕೊಟ್ಟನಂತೆ. ನಾನಾಗ ಕಾಶ್‌ನಲ್ಲಿದ್ದೆ, ಎರಡನೇ ಸಲ ಸಾಕ್ಷಿ ಹೇಳಲು. ಅವನ ವಿರುದ್ಧ ಸಾಕ್ಷಿ ಹೇಳಲು, ಅಕ್ಕಾ. "ನೆಫೀಸೆಗೆ ಹೇಳ್ಬೇಡಪ್ಪ, ಕಲ್ಲು ತಗೊಂಡು ಒಡೆದುಹಾಕ್ತಾಳೆ," ಅಂದಿದ್ದನಂತೆ. ಸರಿಯಾಗೇ ಹೇಳಿದ್ದಾನೆ, ಆಗ ಒಡೆದೇ ಹಾಕುತ್ತಿದ್ದೆ.

ಆಸ್ಪತ್ರೆಯಲ್ಲಿ ಅವನು ನಾನು ಏನಂತೀನಿ ಅಂತ ಕೇಳಿದ್ದು ಯಾಕೆ ಅಂತ ಈಗ ಗೊತ್ತಾಗುತ್ತಿದೆ. ಅಷ್ಟರಲ್ಲಿ ರಿಫಾತ್ ಬಾಯಿ ಬಿಟ್ಟಿರಬಹುದು ಅಂದುಕೊಂಡಿದ್ದನೋ ಏನೋ. ರಿಫಾತನಿಗೆ ನಾನು ಬಯ್ಯಬೇಕಾದಷ್ಟು ಬೈದಿದ್ದೇನೆ. ಮಾತು ಕೊಟ್ಟಿದ್ದೆ ಅನ್ನುತ್ತಾನೆ. ಮರಳಿನಿಂದ ನಿನ್ನನ್ನು ಎತ್ತುವಾಗ ಇನ್ನು ತಡೆಯಲಾರೆ ಅನ್ನಿಸಿತಂತೆ.

ಸಮುದ್ರ ನೋಡಬೇಕಿದ್ದ ಕಿಟಕಿಗಳು ಏಳು ವರ್ಷದಿಂದ ನನ್ನ ಟೊಮೇಟೊ ಕಾಯುತ್ತಿವೆ. ನಾನು ತಿಂದ ಅನ್ನ, ಮಗಳ ಮದುವೆ, ಈ ಕಾಗದದ ಅಂಚೆಚೀಟಿ, ಎಲ್ಲ ಆ ಗಾಜಿನ ಕೆಳಗೆ ಬೆಳೆದದ್ದು. ಅವನ ಮೇಲೆ ನನ್ನ ಹಕ್ಕು ಇದೆ ಅಂತ ಎದೆಯುಬ್ಬಿಸಿಕೊಂಡು ಕೂತಿದ್ದೆ. ನನ್ನ ಮೇಲೆ ಅವನದ್ದು ಎಷ್ಟಿದೆ ಅಂತ ಈಗ ಲೆಕ್ಕ ಹಾಕುತ್ತಿದ್ದೇನೆ. ಆ ಮರಿಗಳ ವಿಷಯದಲ್ಲಿ ಅವನು ಮಾಡಿದ್ದು ತಪ್ಪು, ಅದನ್ನು ಅವನ ಗೋರಿಯ ಮುಂದೆಯೂ ಹೇಳುತ್ತೇನೆ. ಗಾಜಿನ ವಿಷಯವೂ ನಿಜ. ಎರಡನ್ನೂ ಒಟ್ಟಿಗೆ ಹೊತ್ತು ಬರುತ್ತಿದ್ದೇನೆ.

ಇಮಾಮರನ್ನು ಕೇಳಿದೆ, ಸತ್ತವರ ಹತ್ತಿರ ಹಕ್ಕು ಬಿಡಿಸಿಕೊಳ್ಳುವುದು ಹೇಗೆ ಅಂತ. ಅವರ ಕಡೆಯವರು, ಹೆಂಡತಿ ಮಕ್ಕಳು, ಅವರ ಬದಲಿಗೆ ಬಿಡಬಹುದು ಅಂದರು. ನಿಮಗೆ ಮಕ್ಕಳಿಲ್ಲ. ಹಾಗಾಗಿ ಇನ್ನು ನಿನ್ನ ಬಾಯಲ್ಲಿದೆ. ನೀನು ತಿರುಗಿ ನಡೆದುಹೋದರೂ ನಾನು ಏನೂ ಅನ್ನುವ ಹಾಗಿಲ್ಲ.

ಇನ್ನೂ ಐದಾರು ಗೂಡು ಒಡೆಯುವುದು ಬಾಕಿ ಇದೆ. ಇಷ್ಟು ವರ್ಷದಲ್ಲಿ ಈ ಕಾಲದಲ್ಲಿ ನಾನು ತೀರ ಬಿಟ್ಟು ಒಂದು ರಾತ್ರಿಯೂ ಹೋಗಿಲ್ಲ. ಸೀಟಿಯನ್ನು ರಿಫಾತನ ಕೊರಳಿಗೆ ಹಾಕಿದ್ದೇನೆ. ಅವನು ಊದಿದರೆ ಯಾರೂ ಹೆದರುವುದಿಲ್ಲ. ಹೋಗಲಿ.

ಬಸ್ ನಿಲ್ದಾಣಕ್ಕೆ ಬಾ. ಮೊದಲು ಭಾವನ ಹತ್ತಿರ ಕರೆದುಕೊಂಡು ಹೋಗು, ಊಟ ಆಮೇಲೆ. ನೀನು ಬರದಿದ್ದರೆ ದಾರಿ ಕೇಳಿಕೊಂಡು ನಾನೇ ಸ್ಮಶಾನಕ್ಕೆ ಹೋಗಿ ಅಲ್ಲಿ ಕೂತಿರುತ್ತೇನೆ. ಎಷ್ಟು ಹೊತ್ತಾದರೂ.

ನಿನ್ನ ತಂಗಿ,
ನೆಫೀಸೆ

ಇಜ್ಮಿರ್
20 ಸೆಪ್ಟೆಂಬರ್ 1998

ರಿಫಾತ್,

ನಿನ್ನ ಹೆಂಡತಿ ಕ್ಷೇಮವಾಗಿ ತಲುಪಿದಳು. ಕಾಗದಕ್ಕಿಂತ ಮೊದಲೇ ಬಂದಳು, ಹಾಗಾಗಿ ನಾನು ನಿಲ್ದಾಣಕ್ಕೆ ಹೋಗಿರಲಿಲ್ಲ. ಸಂಜೆ ಸ್ಮಶಾನದ ಕಾವಲಿನವನು ಆಳು ಕಳಿಸಿದ, ಯಾರೋ ಹೆಂಗಸು ಬೆಳಗಿನಿಂದ ನಿಮ್ಮ ಯಜಮಾನರ ಹತ್ತಿರ ಕೂತಿದ್ದಾಳೆ, ಹೊರಡಿ ಅಂದರೆ, "ಹೊತ್ತಾದ ಮೇಲೆ ಜನರನ್ನು ಹೊರಗೆ ಕಳಿಸುವುದೇ ನನ್ನ ಕೆಲಸವೂ, ನಂಗೆ ಹೇಳಿಕೊಡಬೇಡ" ಅನ್ನುತ್ತಾಳೆ ಅಂತ. ಇನ್ಯಾರಿರುತ್ತಾರೆ ಅಂದುಕೊಂಡು ಚಪ್ಪಲಿ ಸಿಕ್ಕಿಸಿಕೊಂಡು ಓಡಿದೆ.

ಗಾಜಿನ ವಿಷಯ ನಿಂತಲ್ಲೇ ಹೇಳಿದಳು. ನನಗೂ ಗೊತ್ತಿರಲಿಲ್ಲ ರಿಫಾತ್. ಮಾರಿದೆ ಅಂದಿದ್ದ ನನ್ನ ಹತ್ತಿರ. ಊರು ಬಿಡುವಾಗ ಬಸ್ಸಿನ ಚಾರ್ಜಿಗೆ ಅವನು ಕೈಗಡಿಯಾರ ಬಿಚ್ಚಿ ಕೊಟ್ಟದ್ದು ಯಾಕೆ ಅಂತ ಈಗ ತಿಳಿಯಿತು.

ಒಂದು ಮಾತು ನಿನಗೆ ಮಾತ್ರ ಹೇಳುತ್ತೇನೆ. ಅವಳು ನನ್ನನ್ನು ಮರಳಿನಲ್ಲಿ ಬಿಟ್ಟು ಹೋದ ದಿನದಿಂದ ನಾನು ಕಾದಿದ್ದೆ, ಇವಳಿಗೂ ಒಂದು ದಿನ ನನ್ನ ಹತ್ತಿರ ಏನಾದರೂ ಬೇಕಾಗುತ್ತದೆ, ಆಗ ನೋಡಿಕೊಳ್ಳುತ್ತೇನೆ ಅಂತ. ಆ ದಿನ ಬಂದಿತ್ತು. ಅವಳು ಗೋರಿಯ ಮೇಲೆ ನೀರು ಹಾಕಿ, ಟೋಪಿ ತೆಗೆದು, ಸಣ್ಣ ಹುಡುಗಿಯ ಹಾಗೆ ಕೈ ಕಟ್ಟಿ ನಿಂತು, "ಭಾವ, ನಿನ್ನ ಹಕ್ಕು..." ಅಂದಳು ಅಷ್ಟೇ. ಅವಳು ಕೇಳಿ ಮುಗಿಸುವ ಮೊದಲೇ ನನ್ನ ಬಾಯಿಂದ ಬಿಟ್ಟೆ ಅಂತ ಬಂದುಬಿಟ್ಟಿತು. ಆಮೇಲೆ ನಾನು ಕೇಳದೆಯೇ ಅವಳೂ ಅವನಿಗೆ ಬಿಟ್ಟೆ ಅಂದಳು. ಮೆತ್ತಗಲ್ಲ, ಸ್ಮಶಾನಕ್ಕೆಲ್ಲ ಕೇಳುವ ಹಾಗೆ. ಕಾವಲಿನವನು ಹೆದರಿ ಓಡಿ ಬಂದ. ಅಲ್ಲೇ ಕೂತು ಇಬ್ಬರೂ ಅತ್ತೆವು. ರಾತ್ರಿ ನಾನು ನಿದ್ದೆ ಮಾಡಿದೆ.

ಗುರುವಾರದ ಬಸ್ಸಿಗೆ ನಾವಿಬ್ಬರೂ ಬರುತ್ತೇವೆ. ಮರಳು ಇನ್ನೂ ಬಿಸಿ ಹಿಡಿಯುತ್ತದೆ ಅನ್ನುತ್ತಾಳೆ ಇವಳು. ಅರ್ಧಕ್ಕೆ ನಿಂತ ಕೈ ಪೂರ್ತಿ ಮಾಡಿಸಿಕೊಳ್ಳಬೇಕು. ಶುಕ್ರವಾರ ಬೆಳಗ್ಗೆ ಎದ್ದ ತಕ್ಷಣ ಗುಂಡಿ ತೋಡಿಡು.

ಹಜೆರ್